ಹ್ಯಾಲೊಜೆನ್ ತೆಗೆದು ಎಚ್‌ಐಡಿ ಹಾಕಿಸಬಹುದೇ?

ಓದುಗರ ಪ್ರಶ್ನೆ, ವಾಹನ ವೈರಿಂಗ್ ಅಂಕಣಕಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಡ್‌ಲೈಟ್ ಕುರಿತವೇ. ಬ್ಯಾಟರಿ, ಹಾರ್ನ್, ವೈಪರ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಸರ್, ನನ್ನದು ರಾತ್ರಿ ಪಾಳಿಯ ಕೆಲಸ. ಮನೆಗೆ ಮರಳುವ ದಾರಿಯಲ್ಲಿ ಬೀದಿದೀಪಗಳಿಲ್ಲ. ಕಾರು ಹಳೆಯದು, ಎಚ್4 ಹ್ಯಾಲೊಜೆನ್ ಬಲ್ಬಿನದು. ಎದುರಿಗೆ ವಾಹನ ಬಂತೆಂದು ಡಿಮ್ ಮಾಡಿದರೆ ರಸ್ತೆಯ ಅಂಚೇ ಕಾಣುವುದಿಲ್ಲ. ಎಚ್‌ಐಡಿ (ತಂತಿಯ ಬದಲು ಅನಿಲದಲ್ಲಿ ಕಿಡಿ ಉರಿಸಿ ಬೆಳಗುವ ಕ್ಸೆನಾನ್ ದೀಪ) ಕಿಟ್ ಹಾಕಿಸಿದರೆ ಮೂರು ಪಟ್ಟು ಬೆಳಕು ಬರುತ್ತದೆ, ಅದೂ 55 ವ್ಯಾಟ್ ಬದಲು 35 ವ್ಯಾಟಿನಲ್ಲಿ, ಹಳೆಯ ಬಲ್ಬಿನ ಜಾಗದಲ್ಲೇ ಕೂರುತ್ತದೆ, ಯಾವ ವೈರನ್ನೂ ಕತ್ತರಿಸಬೇಕಾಗಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
– ರಾತ್ರಿ ಪಾಳಿಯ ಓದುಗರು

ಉತ್ತರ: ಬೇಡ. ನಿಮ್ಮ ಕಷ್ಟ ನಿಜವಾದದ್ದು, ಅದಕ್ಕೆ ಪರಿಹಾರವೂ ಇದೆ. ಆದರೆ ಆ ಕಿಟ್ ಅದಕ್ಕೆ ಪರಿಹಾರವಲ್ಲ.

ಅಂಗಡಿಯವರು ಕೊಟ್ಟ ಅಂಕಿಗಳು ಸುಳ್ಳಲ್ಲ. ಲ್ಯೂಮೆನ್ ಎಂದರೆ ಬೆಳಕಿನ ಪ್ರಮಾಣದ ಅಳತೆ. ಎಚ್4 ಬಲ್ಬು ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್, ಬ್ರೈಟ್‌ನಲ್ಲಿ ಸುಮಾರು 1650 ಲ್ಯೂಮೆನ್ ಬೆಳಕು ಕೊಡುತ್ತದೆ. ಕಾರ್ಖಾನೆಯಿಂದಲೇ ಕ್ಸೆನಾನ್ ದೀಪದೊಂದಿಗೆ ಬಂದ ಅನೇಕ ಕಾರುಗಳಲ್ಲಿರುವ ಡಿ2ಎಸ್ ಎಂಬ ಎಚ್‌ಐಡಿ ಬಲ್ಬು 35 ವ್ಯಾಟಿನಲ್ಲಿ 3200 ಲ್ಯೂಮೆನ್ ಕೊಡುತ್ತದೆ. ಅದರಲ್ಲಿ ಕಾದು ಬೆಳಗುವ ತಂತಿಯೇ ಇರುವುದಿಲ್ಲ. ಪುಟ್ಟ ಸ್ಫಟಿಕ ಗಾಜಿನ ಗುಳಿಗೆಯೊಳಗೆ ಎರಡು ಮೊನೆಗಳು, ನಡುವೆ 4 ಮಿಲಿಮೀಟರಿನಷ್ಟು ಅಂತರ. ಬ್ಯಾಲಸ್ಟ್ ಎಂಬ ಪೆಟ್ಟಿಗೆ 20 ಸಾವಿರ ವೋಲ್ಟಿಗೂ ಮೀರಿದ ಹೊಡೆತ ಕೊಟ್ಟು ಆ ಅಂತರದಲ್ಲಿ ಕಿಡಿ ಹಾರಿಸುತ್ತದೆ, ಆಮೇಲೆ ಸುಮಾರು 85 ವೋಲ್ಟಿಗೆ ಇಳಿದು ಅದನ್ನು ಉರಿಸುತ್ತಾ ಹೋಗುತ್ತದೆ. ಮೊದಲ ಕ್ಷಣದ ಬೆಳಕು ಕ್ಸೆನಾನ್ ಅನಿಲದ್ದು. ಒಳಗಿನ ಲೋಹದ ಲವಣಗಳು ಕಾದು ಆವಿಯಾದ ಮೇಲೆ ಪೂರ್ಣ ಬೆಳಕು ಬರುತ್ತದೆ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಮೊದಲು ಬಂದ ಈ ದೀಪ ಒಳ್ಳೆಯ ದೀಪ. ಅದರ ಮೇಲೆ ನನಗೆ ಗೌರವವಿದೆ. ನನ್ನ ಆಕ್ಷೇಪವೇನಿದ್ದರೂ ಅದನ್ನು ತಂದು ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಬಟ್ಟಲಿನೊಳಗೆ, ಅಂದರೆ ಬೆಳಕನ್ನು ಪ್ರತಿಫಲಿಸುವ ಹೊಳಪಿನ ರಿಫ್ಲೆಕ್ಟರಿನೊಳಗೆ, ತುರುಕುವುದರ ಬಗ್ಗೆ.

ಬಿಡುವಿದ್ದಾಗ ಒಂದು ಹಳೆಯ ಎಚ್4 ಬಲ್ಬನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ. ಒಳಗೆ ಎರಡು ಫಿಲಮೆಂಟ್‌ಗಳು, ಅಂದರೆ ಕಾದು ಬೆಳಗುವ ತಂತಿಗಳಿವೆ. ಮುಂದಿರುವುದು ಡಿಮ್‌ನದು. ಅದರ ಕೆಳಗೆ ಉಗುರಿನಷ್ಟು ಚಿಕ್ಕದೊಂದು ಲೋಹದ ದೊನ್ನೆ ಕಾಣುತ್ತದೆ. ಎಚ್4 ಬಲ್ಬಿನ ಮರ್ಮವೆಲ್ಲ ಆ ದೊನ್ನೆಯಲ್ಲಿದೆ. ಡಿಮ್ ಫಿಲಮೆಂಟಿನ ಬೆಳಕು ಕೆಳಕ್ಕೆ ಹೋಗದಂತೆ ಅದು ತಡೆಯುತ್ತದೆ. ಆದ್ದರಿಂದ ರಿಫ್ಲೆಕ್ಟರ್ ಬಟ್ಟಲಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಬಲ್ಬಿನ ತುದಿಗೆ ಬಳಿದಿರುವ ಕಪ್ಪು ಬಣ್ಣ ನೇರವಾಗಿ ಮುಂದಕ್ಕೆ ಹಾಯುವ ಬೆಳಕನ್ನು ಮುಚ್ಚುತ್ತದೆ. ಹಿಂದಿರುವ ಫಿಲಮೆಂಟ್ ಬ್ರೈಟ್‌ನದು. ಅದಕ್ಕೆ ದೊನ್ನೆಯ ತಡೆಯಿಲ್ಲ, ಬಟ್ಟಲನ್ನೆಲ್ಲ ಬಳಸಿಕೊಳ್ಳುತ್ತದೆ. ಫಿಲಮೆಂಟ್ ಎಷ್ಟು ಉದ್ದ, ಎಷ್ಟು ಮುಂದೆ, ಎಷ್ಟು ಹಿಂದೆ ಇರಬೇಕೆಂಬುದನ್ನು ಮಿಲಿಮೀಟರಿನ ಭಿನ್ನಾಂಶಗಳಲ್ಲಿ ಲೆಕ್ಕ ಹಾಕಿ ಬಟ್ಟಲಿನ ಪ್ರತಿಯೊಂದು ಬಾಗನ್ನೂ ರೂಪಿಸಿರುತ್ತಾರೆ.

ಈಗ ಅದೇ ಜಾಗಕ್ಕೆ ಎಚ್‌ಐಡಿ ಗುಳಿಗೆ ಬಂದು ಕೂತಿತೆನ್ನಿ. ಅದರಲ್ಲಿ ಬೆಳಗುವುದು ನೇರವಾದ ತಂತಿಯಲ್ಲ, ಮೇಲಕ್ಕೆ ಬಾಗಿದ ಉರಿಯುವ ಅನಿಲದ ಕಮಾನು. ಅದರ ಎರಡು ತುದಿಗಳು ಹೆಚ್ಚು ಪ್ರಖರ, ಸುತ್ತಲೂ ಮಸುಕಾದ ಪ್ರಭೆ, ಪಕ್ಕದಲ್ಲಿ ಹಾದುಹೋಗುವ ತಂತಿಯ ನೆರಳು ಬೇರೆ. ಅನೇಕ ಎಚ್4 ಕಿಟ್‌ಗಳಲ್ಲಿ ಡಿಮ್ ಮತ್ತು ಬ್ರೈಟ್ ಎರಡಕ್ಕೂ ಒಂದೇ ಗುಳಿಗೆ. ವಿದ್ಯುತ್ ಅಯಸ್ಕಾಂತವೊಂದು ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಬಟ್ಟಲು ಮಾತ್ರ ತಾನು ಕಲಿತದ್ದನ್ನೇ ಮಾಡುತ್ತದೆ, ತನಗೆ ಗೊತ್ತಿರುವ ಜಾಗದಿಂದ ಬೆಳಕು ಬರುತ್ತಿದೆ ಎಂಬಂತೆ ಅದನ್ನು ಎಸೆಯುತ್ತದೆ. ಬರಬೇಕಾದ ಜಾಗದಿಂದ ಬರದ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆದುರುತ್ತದೆ. ಬೀಗದ ಕೈ ಬೀಗದೊಳಗೆ ಹೋಯಿತು ಎಂದ ಮಾತ್ರಕ್ಕೆ ಅದು ಆ ಬೀಗದ್ದೇ ಆಗಿರಬೇಕಿಲ್ಲವಲ್ಲ. ಬಲ್ಬಿನ ಬುಡ ಹೋಲ್ಡರ್‌ನಲ್ಲಿ ಕೂರುವುದೂ ಹಾಗೆಯೇ.

ನನ್ನ ಕಾರ್ಯಾಗಾರದ ಒಂದು ಗೋಡೆಗೆ ಬಿಳಿ ಸುಣ್ಣ ಬಳಿಸಿ, ಅಡ್ಡಲಾಗಿ ಕಪ್ಪು ಗೆರೆ ಎಳೆಸಿದ್ದೇನೆ. ಕಿಟ್ ಬೇಕೆಂದು ಬಂದವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಗೋಡೆ ತೋರಿಸುತ್ತೇನೆ. ಒಂದು ಬದಿಯ ದೀಪದಲ್ಲಿ ಹ್ಯಾಲೊಜೆನ್, ಇನ್ನೊಂದರಲ್ಲಿ ಎಚ್‌ಐಡಿ ಗುಳಿಗೆ ಇಟ್ಟು ಡಿಮ್ ಹಾಕುತ್ತೇನೆ. ಹ್ಯಾಲೊಜೆನ್ ಕಡೆ ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು, ನಡುವೆ ಸ್ಪಷ್ಟವಾದ ಅಂಚು. ನಾವು ಚಲಿಸುವ ಬದಿಯ ರಸ್ತೆಯಂಚಿನ ಕಡೆಗೆ ಆ ಅಂಚು ಸ್ವಲ್ಪ ಮೇಲೇರುತ್ತದೆ, ಅಲ್ಲಿ ನಡೆದು ಹೋಗುವವರು ಕಾಣಲಿ ಎಂದು. ಎಚ್‌ಐಡಿ ಕಡೆ ಗೋಡೆ ಸೂರಿನವರೆಗೂ ಬೆಳ್ಳಗೆ. ಅಂಚು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಗೆರೆಯ ಮೇಲೆ ಬಿದ್ದ ಆ ಬೆಳಕೇ ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುವುದು. ಗೋಡೆಯ ಮುಂದೆ ಗೆರೆಯ ಎತ್ತರಕ್ಕೆ ತಲೆಯಿಟ್ಟು ಕುಳಿತು ದೀಪದ ಕಡೆ ತಿರುಗಿ ನೋಡಿ ಎಂದು ಹೇಳುತ್ತೇನೆ. ಬಹುತೇಕ ಮಂದಿ ಕೂಡಲೇ ಕೈ ಅಡ್ಡ ಹಿಡಿಯುತ್ತಾರೆ.

ಎದುರಿನವರ ಮಾತು ಬದಿಗಿಡೋಣ, ನಿಮಗಾದರೂ ಲಾಭವಿದೆಯೇ? ಇದನ್ನು ಲೆಕ್ಕದಿಂದಲೇ ನೋಡಬಹುದು. ನಿಮ್ಮ ಹೆಡ್‌ಲೈಟ್ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಡಿಮ್ ಬೆಳಕಿನ ಅಂಚು ಪ್ರತಿ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯುವಂತೆ, ಅಂದರೆ ಶೇಕಡಾ 1ರ ಇಳಿಜಾರಿಗೆ, ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಆ ಅಂಚು ನೆಲ ಮುಟ್ಟುವುದು 65 ಮೀಟರ್ ದೂರದಲ್ಲಿ. ಬಲ್ಬು 1000 ಲ್ಯೂಮೆನ್ನಿನದಾಗಲಿ, 3200 ಲ್ಯೂಮೆನ್ನಿನದಾಗಲಿ, ಆ 65 ಮೀಟರ್ ಬದಲಾಗುವುದಿಲ್ಲ. ಹೆಚ್ಚಾದ ಬೆಳಕು ಬೀಳುವುದು ಅದರೊಳಗೆ, ಕಿಟ್‌ಗಳಲ್ಲಂತೂ ಬಹುಪಾಲು ಬಾನೆಟ್ಟಿನ ಮುಂದಿನ ಹತ್ತಿಪ್ಪತ್ತು ಮೀಟರ್‌ಗಳಲ್ಲಿ. ಅಲ್ಲಿ ಹಾಲು ಚೆಲ್ಲಿದಷ್ಟು ಬೆಳ್ಳಗಾದಾಗ ಮನಸ್ಸಿಗೆ ಹಿತವೆನಿಸುತ್ತದೆ, ಚೆನ್ನಾಗಿ ಕಾಣುತ್ತಿದೆ ಎಂಬ ಧೈರ್ಯ ಬರುತ್ತದೆ. ಆದರೆ ಕಣ್ಣು ಆ ಪ್ರಖರತೆಗೆ ಹೊಂದಿಕೊಂಡುಬಿಡುವುದರಿಂದ ದೂರದ ಮಸುಕಿನಲ್ಲಿರುವುದು ಮೊದಲಿಗಿಂತಲೂ ಕಡಿಮೆ ಕಾಣುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಒಣ ರಸ್ತೆಯಲ್ಲಿ, ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡೂ ಸೇರಿ, ನಿಲ್ಲಲು ಸುಮಾರು 70 ಮೀಟರ್ ಬೇಕು. 60ರ ವೇಗದಲ್ಲಿ ಸುಮಾರು 45 ಮೀಟರ್ ಸಾಕು. ನಿಮ್ಮ ಪತ್ರ ಓದುವಾಗ ನನ್ನನ್ನು ಕಾಡಿದ್ದು ಇದೇ. ಎಂಥ ಬಲ್ಬು ಹಾಕಿದರೂ, ಡಿಮ್ ಬೆಳಕಿನಲ್ಲಿ 80ರ ವೇಗ ನಿಮ್ಮ ದೃಷ್ಟಿಯ ಗಡಿ ದಾಟಿಬಿಡುತ್ತದೆ.

ಕಾನೂನಿನ ವಿಚಾರವೂ ಇದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ ಫಿಲಮೆಂಟ್ ಬಲ್ಬುಗಳಿಗೆ 37ನೇ ನಿಯಮ, ಎಚ್‌ಐಡಿ ಬಲ್ಬುಗಳಿಗೆ 99ನೇ ನಿಯಮ. ಎರಡೂ ಬೇರೆಯೇ. ಎಚ್4 ಎಂದು ಅನುಮೋದನೆ ಪಡೆದ ದೀಪಕ್ಕೆ ಎಚ್4 ಹ್ಯಾಲೊಜೆನ್ ಬಲ್ಬೇ ಹಾಕಬೇಕು. ಅಮೆರಿಕದ ರಸ್ತೆ ಸುರಕ್ಷತಾ ಆಡಳಿತದ ನಿಲುವೂ ಬೇರೆಯಲ್ಲ. ವಿಶ್ವಸಂಸ್ಥೆಯ ನಿಯಮದ ಅನುಮೋದನೆಯ ಗುರುತು ನಿಮ್ಮ ಹೆಡ್‌ಲೈಟಿನ ಗಾಜಿನ ಮೇಲೇ ಅಚ್ಚಾಗಿರುತ್ತದೆ. ಎಚ್‌ಸಿ ಅಥವಾ ಎಚ್‌ಆರ್ ಎಂದು ಶುರುವಾದರೆ ಅದು ಹ್ಯಾಲೊಜೆನ್ನಿನದು, ಡಿಸಿ ಅಥವಾ ಡಿಆರ್ ಎಂದಿದ್ದರೆ ಎಚ್‌ಐಡಿಯದು.

ಇನ್ನು ನಿಮ್ಮ ರಸ್ತೆಯಂಚು ಕಾಣುವಂತೆ ಮಾಡುವುದು ಹೇಗೆ? ಹಳೆಯ ಕಾರಿನ ಹ್ಯಾಲೊಜೆನ್ ದೀಪ ಮಂಕಾಗಿದ್ದರೆ ನಾನು ಮೊದಲು ಬಲ್ಬನ್ನು ಅನುಮಾನಿಸುವುದಿಲ್ಲ, ಬಲ್ಬಿಗೆ ತಲುಪುವ ವೋಲ್ಟೇಜನ್ನು ಅನುಮಾನಿಸುತ್ತೇನೆ. ಎಂಜಿನ್ ಚಾಲೂ ಇಟ್ಟು, ಡಿಮ್ ಹಾಕಿ, ಮಲ್ಟಿಮೀಟರ್‌ನಿಂದ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. 13.8 ವೋಲ್ಟ್ ಬಂತೆನ್ನಿ. ಆಮೇಲೆ ಬಲ್ಬು ಉರಿಯುತ್ತಿರುವಾಗಲೇ ಅದರ ಹೋಲ್ಡರಿನ ಹಿಂಭಾಗದಿಂದ ಮೀಟರಿನ ಮೊನೆಗಳನ್ನು ತಾಗಿಸಿ ಅಳೆಯಿರಿ. ಬಲ್ಬು ಕಳಚಿ ಅಳೆದರೆ ಪ್ರಯೋಜನವಿಲ್ಲ, ಕರೆಂಟ್ ಹರಿಯದಿದ್ದಾಗ ಕೊಳೆತ ವೈರ್ ಕೂಡ ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಹಳೆಯ ವಾಹನಗಳಲ್ಲಿ 12.2 ಬರುವುದು ಅಪರೂಪವೇನಲ್ಲ. ಒಂದೂವರೆ ವೋಲ್ಟ್ ಹೋದರೇನಂತೆ ಎನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 10 ಕುಸಿದರೆ ಬೆಳಕು ಶೇಕಡಾ 30ರಷ್ಟು ಕುಸಿಯುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಬೆಳಕಿನ ಮೂರನೇ ಒಂದು ಭಾಗ ವೈರಿಂಗಿನಲ್ಲೇ ಕರಗಿಹೋಗುತ್ತಿದೆ.

ಹೋಗುವುದು ಎಲ್ಲಿ? ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ತೆಳುವಾದ ವೈರಿನಲ್ಲಿ ಸ್ಟೀರಿಂಗ್ ಬಳಿಯ ಸ್ವಿಚ್ಚಿನವರೆಗೆ ಹೋಗಿ ಮರಳಿ ಬರಬೇಕು. ಎರಡು ಡಿಮ್ ಬಲ್ಬುಗಳಿಗೆ 9 ಆಂಪಿಯರ್ ಬೇಕು. ಸ್ವಿಚ್ಚಿನ ಸವೆದ ಬಿಂದುಗಳು, ತುಕ್ಕು ಹಿಡಿದ ಅರ್ತ್ ಬೋಲ್ಟ್, ಕಂದಿದ ಹೋಲ್ಡರ್, ಪ್ರತಿಯೊಂದೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಮೊದಲು ಅರ್ತ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಿರಿ. ಎಷ್ಟೋ ಸಲ ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ. ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು, ಹಾಕಿಸಿ, ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರ್ ವೈರ್ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೆಯ ಹೆಡ್‌ಲೈಟ್ ವೈರ್ ಇನ್ನು ಮೇಲೆ 86ನೇ ಪಿನ್ನಿಗೆ ಸಣ್ಣ ಕರೆಂಟ್ ಕೊಟ್ಟು ರಿಲೇಯನ್ನು ಎಬ್ಬಿಸಿದರೆ ಸಾಕು, 85 ಅರ್ತ್‌ಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ರಿಲೇಯ ಪಕ್ಕದಲ್ಲಿಟ್ಟರೆ ನಡುವಿನ ವೈರ್ ಎಲ್ಲಾದರೂ ಬಾಡಿಗೆ ತಾಗಿದಾಗ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಒಂದು ಎಚ್ಚರಿಕೆ: ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಕಾರುಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಅಲ್ಲಿ ಅರ್ತ್ ಮತ್ತು ಹೋಲ್ಡರ್ ಪರೀಕ್ಷೆಗೇ ನಿಲ್ಲಿಸಿ.

ಮುಂದಿನದು ಹೊರಗಿನ ಗಾಜು. ಗಾಜು ಎನ್ನುತ್ತೇವೆ, ಈಗಿನ ಬಹುತೇಕ ವಾಹನಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಮೇಲ್ಪದರ ಹೋಗಿ ಹಳದಿಗಟ್ಟುತ್ತದೆ. ಒದ್ದೆ ಮರಳು ಕಾಗದದಿಂದ, 1000ದ ನುಣುಪಿನಿಂದ ಶುರುಮಾಡಿ 2000, 3000ಕ್ಕೆ ಹೋಗಿ, ಪಾಲಿಶ್ ಹಾಕಿಸಿ. ಕೊನೆಯಲ್ಲಿ ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪ ಕೊಡಿಸಲೇಬೇಕು, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಒಳಗಿನ ಬಟ್ಟಲಿನ ಹೊಳಪೇ ಸುಟ್ಟು ಕಪ್ಪಾಗಿದ್ದರೆ ಉಜ್ಜಲು ಹೋಗಬೇಡಿ, ಹೊಸ ಹೆಡ್‌ಲೈಟ್ ಹಾಕಿಸಿ.

ಇಷ್ಟಾದ ಮೇಲೆ ಬಲ್ಬು. ಹೆಸರಾಂತ ತಯಾರಕರ 60/55 ವ್ಯಾಟಿನದೇ (ಬ್ರೈಟ್‌ಗೆ 60, ಡಿಮ್‌ಗೆ 55) ಇರಲಿ. ಹೆಚ್ಚು ಬೆಳಕಿನದೆಂದು ಮಾರುವ, ಅಷ್ಟೇ ವ್ಯಾಟಿನ ಉತ್ತಮ ದರ್ಜೆಯ ಬಲ್ಬುಗಳಿವೆ. ಫಿಲಮೆಂಟನ್ನು ಇನ್ನಷ್ಟು ಸೂಕ್ಷ್ಮವಾಗಿ ಸುತ್ತಿರುತ್ತಾರೆ, ಬೆಳಕು ದೂರಕ್ಕೆ ಇನ್ನಷ್ಟು ಒತ್ತಾಗಿ ಹೋಗುತ್ತದೆ, ಬಾಳಿಕೆ ಮಾತ್ರ ಕಡಿಮೆ. ರಾತ್ರಿಯೇ ಓಡಾಡುವ ನಿಮಗೆ ಅದು ಒಪ್ಪುವ ವ್ಯಾಪಾರ. 100/90 ವ್ಯಾಟಿನದು ಬೇಡವೇ ಬೇಡ. ಅದು ಕರಗಿಸಿದ ಹೋಲ್ಡರುಗಳ ಒಂದು ಡಬ್ಬಿಯೇ ನನ್ನ ಬಳಿ ಇದೆ.

ಪ್ರಶ್ನೆ: ಎಚ್‌ಐಡಿ ಕಿಟ್ ಈಗಾಗಲೇ ಹಾಕಿಸಿದ್ದೇನೆ. ಎದುರಿನಿಂದ ಬರುವವರು ಮತ್ತೆ ಮತ್ತೆ ಡಿಪ್ಪರ್ ಹೊಡೆಯುತ್ತಾರೆ. ದೀಪವನ್ನು ಸ್ವಲ್ಪ ಕೆಳಗಿಳಿಸಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?
– ಹೊಸ ದೀಪದ ಮಾಲೀಕರು

ಉತ್ತರ: ಸರಿಹೋಗುವುದಿಲ್ಲ. ಬೆಳಕಿಗೆ ಒಂದು ಅಂಚಿದ್ದರೆ ತಾನೇ ಅದನ್ನು ಕೆಳಗಿಳಿಸುವುದು? ಮೇಲಕ್ಕೆ ಚೆದುರಿದ ಬೆಳಕು ದೀಪವನ್ನು ಬಗ್ಗಿಸಿದರೂ ಚೆದುರಿಯೇ ಇರುತ್ತದೆ. ಅದು ಹೋಗುವಷ್ಟು ಬಗ್ಗಿಸಿದರೆ ರಸ್ತೆಯ ಬೆಳಕೂ ಹೋಗುತ್ತದೆ. ಮೇಲೆ ಹೇಳಿದ 65 ಸೆಂಟಿಮೀಟರ್ ಎತ್ತರದ ದೀಪವನ್ನು ಶೇಕಡಾ 1ರ ಬದಲು 2ರ ಇಳಿಜಾರಿಗೆ ತಂದರೆ 65 ಮೀಟರ್ ಇದ್ದದ್ದು 32 ಮೀಟರಿಗೆ ಇಳಿಯುತ್ತದೆ. ಅಷ್ಟು ಖರ್ಚು ಮಾಡಿ ಅರ್ಧ ದಾರಿ ಕಳೆದುಕೊಂಡಂತಾಯಿತು.

ಡಿಪ್ಪರ್ ಹೊಡೆಯುವವರು ಜಗಳಕ್ಕೆ ಹೊಡೆಯುತ್ತಿಲ್ಲ. ಅವರಿಗೆ ಆ ಕ್ಷಣ ರಸ್ತೆ ಕಾಣುತ್ತಿಲ್ಲ. ಅವರು ನಿಮ್ಮ ಕಡೆಗೇ ಬರುತ್ತಿದ್ದಾರೆ. ಇಬ್ಬರ ನಡುವೆ ಒಬ್ಬ ಸೈಕಲ್ ಸವಾರನಿದ್ದರೆ ಅವನು ಇಬ್ಬರಿಗೂ ಕಾಣುವುದಿಲ್ಲ. ದಯವಿಟ್ಟು ಕಿಟ್ ತೆಗೆಸಿ, ಹಳೆಯ ಬಲ್ಬು ಹಾಕಿಸಿ, ಮೊದಲ ಉತ್ತರದಲ್ಲಿ ಹೇಳಿದ ಕೆಲಸಗಳನ್ನು ಮಾಡಿಸಿ. ತೆಗೆಯುವಾಗ ಸ್ವಿಚ್ ಆಫ್ ಮಾಡಿ, ಕೀ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಬ್ಯಾಲಸ್ಟಿನ ಹೊರವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಎಷ್ಟೋ ಎಚ್‌ಐಡಿ ಬಲ್ಬುಗಳಲ್ಲಿ ಪಾದರಸವೂ ಇರುವುದರಿಂದ ಕಸದ ಬುಟ್ಟಿಗೆ ಎಸೆಯಬೇಡಿ, ಟ್ಯೂಬ್‌ಲೈಟ್‌ನಂತಹ ಪಾದರಸದ ದೀಪಗಳನ್ನು ಪಡೆಯುವ ಕಡೆ ಕೊಡಿ.

ಪ್ರಶ್ನೆ: ನನ್ನ ಕಾರಿನಲ್ಲಿ ಕಂಪನಿಯವರೇ ಕೊಟ್ಟ ಪ್ರೊಜೆಕ್ಟರ್ (ಮುಂದೆ ಮಸೂರವಿರುವ ದೀಪ) ಇದೆ, ಒಳಗೆ ಎಚ್7 ಹ್ಯಾಲೊಜೆನ್. ಪ್ರೊಜೆಕ್ಟರ್ ಇದ್ದರೆ ಎಚ್‌ಐಡಿ ಹಾಕಬಹುದು ಎನ್ನುತ್ತಾರಲ್ಲ?
– ಪ್ರೊಜೆಕ್ಟರ್ ದೀಪದವರು

ಉತ್ತರ: ಬಟ್ಟಲಿನ ದೀಪದಷ್ಟು ಕೆಡುಕಾಗದು ಎನ್ನುವುದು ನಿಜ. ಪ್ರೊಜೆಕ್ಟರಿನೊಳಗೆ ಒಂದು ಲೋಹದ ತಡೆಯಿದೆ, ಬೆಳಕಿನ ಅಂಚನ್ನು ಕತ್ತರಿಸುವುದು ಅದೇ. ಯಾವ ಬಲ್ಬು ಇಟ್ಟರೂ ಅಂಚು ಉಳಿಯುತ್ತದೆ. ಜನ ಗೋಡೆಯ ಮೇಲಿನ ಆ ಅಂಚು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ಅಂಚಿನ ಕೆಳಗೆ ಬೆಳಕು ಹೇಗೆ ಹಂಚಿಹೋಗಿದೆ ಎಂಬುದೂ ಅಷ್ಟೇ ಮುಖ್ಯ. ಹ್ಯಾಲೊಜೆನ್ ಪ್ರೊಜೆಕ್ಟರಿನಲ್ಲಿ ಎಚ್‌ಐಡಿ ಗುಳಿಗೆ ಇಟ್ಟಾಗ ದೂರಕ್ಕೆ ಹೋಗಬೇಕಾದ ಗಟ್ಟಿ ಬೆಳಕು ಜಾಗ ತಪ್ಪುತ್ತದೆ, ಹತ್ತಿರದ ನೆಲ ಮಾತ್ರ ಝಗಮಗಿಸುತ್ತದೆ. ಮೇಲಾಗಿ ಬೆಳಕು ಹೆಚ್ಚಿದಷ್ಟೂ ದೀಪದ ಮಟ್ಟ ಕರಾರುವಾಕ್ಕಾಗಿರಬೇಕು. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರಿನ ಮೂಗು ಮೇಲೇಳುತ್ತದೆ, ಬೆಳಕೂ ಏಳುತ್ತದೆ. ಯುರೋಪಿನ ನಿಯಮಗಳಲ್ಲಿ 2000 ಲ್ಯೂಮೆನ್ ಮೀರಿದ ಡಿಮ್ ದೀಪಗಳಿಗೆ ತಾನಾಗಿ ಮಟ್ಟ ಹೊಂದಿಸಿಕೊಳ್ಳುವ ವ್ಯವಸ್ಥೆ ಮತ್ತು ದೀಪ ತೊಳೆಯುವ ಪಿಚಕಾರಿ ಎರಡನ್ನೂ ಕಡ್ಡಾಯ ಮಾಡಿದ್ದು ಇದಕ್ಕೇ. ದೀಪದ ಮೇಲೆ ಕೂತ ಧೂಳು ಕೂಡ ಬೆಳಕನ್ನು ಅಂಚಿನಾಚೆಗೆ ಚೆದುರಿಸುತ್ತದೆ. ಕಿಟ್ ಡಬ್ಬಿಯಲ್ಲಿ ಈ ಎರಡೂ ಬರುವುದಿಲ್ಲ.

ಎಚ್7 ಒಳ್ಳೆಯ ಬಲ್ಬು, 1500 ಲ್ಯೂಮೆನ್ ಕೊಡುತ್ತದೆ. ಅದನ್ನೇ ಉತ್ತಮ ದರ್ಜೆಯದು ಹಾಕಿಸಿ, ಪ್ರೊಜೆಕ್ಟರಿನ ಮಸೂರದ ಒಳಗೆ ಮಬ್ಬು ಕಟ್ಟಿದೆಯೇ ನೋಡಿಸಿ.

ಪ್ರಶ್ನೆ: 4300, 6000, 8000 ಕೆಲ್ವಿನ್ ಎಂದೆಲ್ಲ ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಬೆಳಕು ಹೆಚ್ಚೇ?
– ವಿದ್ಯಾರ್ಥಿ ಓದುಗ

ಉತ್ತರ: ಅಲ್ಲ. ಕೆಲ್ವಿನ್ ಬೆಳಕಿನ ಬಣ್ಣ ಹೇಳುತ್ತದೆ, ಪ್ರಮಾಣ ಹೇಳುವುದು ಲ್ಯೂಮೆನ್. ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್, ಹಳದಿ ಬೆರೆತ ಬಿಳಿ. ಕಾರ್ಖಾನೆಯ ಎಚ್‌ಐಡಿ ದೀಪಗಳು 4300ರ ಆಸುಪಾಸಿನಲ್ಲಿರುತ್ತವೆ, ಏಕೆಂದರೆ ಎಚ್‌ಐಡಿ ಅತಿ ಹೆಚ್ಚು ಬೆಳಕು ಕೊಡುವುದು ಅಲ್ಲೇ. 6000, 8000 ಎಂದು ಏರಿದಂತೆ ನೀಲಿ ಹೆಚ್ಚುತ್ತದೆ, ಬೆಳಕು ತಗ್ಗುತ್ತದೆ, ಎದುರಿನವರ ಕಣ್ಣಿಗೆ ಚುಚ್ಚುವುದೂ ಹೆಚ್ಚುತ್ತದೆ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಬಲ್ಬುಗಳೂ ಅಷ್ಟೇ. ಆ ಬಣ್ಣ ಬೆಳಕನ್ನು ಸೋಸಿ ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ.

ಪ್ರಶ್ನೆ: ಬಲ್ಬು ಮಾತ್ರ ಬದಲಿಸುವುದು ತಪ್ಪೆಂದು ಒಪ್ಪುತ್ತೇನೆ. ಆದರೆ ಹೆಡ್‌ಲೈಟ್ ಬಿಚ್ಚಿ, ಬಟ್ಟಲು ತೆಗೆದು, ಎಚ್‌ಐಡಿಗೆಂದೇ ಮಾಡಿದ ಬೈ-ಕ್ಸೆನಾನ್ ಪ್ರೊಜೆಕ್ಟರ್ ಕೂರಿಸಿದರೆ?
– ಕೈಕೆಲಸದ ಹವ್ಯಾಸಿ

ಉತ್ತರ: ಇದು ಬೇರೆ ಜಾತಿಯ ಕೆಲಸ, ಮಾಡುವವನ ಕೈ ಒಳ್ಳೆಯದಿದ್ದರೆ ಬೆಳಕು ನಿಜಕ್ಕೂ ಚೆನ್ನಾಗಿರುತ್ತದೆ. ಅಲ್ಲಿ ಗುಳಿಗೆ, ಬಟ್ಟಲು, ತಡೆ, ಮಸೂರ ನಾಲ್ಕೂ ಒಂದಕ್ಕೊಂದು ಹೊಂದುವಂತೆ ಹುಟ್ಟಿದವು. ಬೈ-ಕ್ಸೆನಾನ್ ಎಂದರೆ ಬ್ರೈಟ್ ಹಾಕಿದಾಗ ಒಳಗಿನ ತಡೆ ಮಡಚಿಕೊಂಡು ಅದೇ ಗುಳಿಗೆಯ ಬೆಳಕು ಮೇಲಕ್ಕೂ ತೆರೆದುಕೊಳ್ಳುತ್ತದೆ, ಗುಳಿಗೆ ಅಲುಗುವುದಿಲ್ಲ.

ಒಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಬಳಸಿದ ಪ್ರೊಜೆಕ್ಟರ್ ಕೊಳ್ಳುವಾಗ ಅದು ಯಾವ ಬದಿಯ ಸಂಚಾರಕ್ಕೆ ಮಾಡಿದ್ದೆಂದು ನೋಡಿ. ಎಡಗಡೆ ಚಲಿಸುವ ದೇಶಗಳ ದೀಪದ ಅಂಚು ಎಡಕ್ಕೆ ಮೇಲೇರುತ್ತದೆ, ಬಲಗಡೆ ಚಲಿಸುವ ದೇಶಗಳದು ಬಲಕ್ಕೆ. ತಪ್ಪಾದದ್ದು ಕೂತರೆ ಆ ಏರಿದ ಬೆಳಕು ನೇರವಾಗಿ ಎದುರಿನ ಚಾಲಕನ ಮುಖಕ್ಕೆ ಬೀಳುತ್ತದೆ. ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಹೆಡ್‌ಲೈಟ್ ಮುಚ್ಚುವ ಮೊದಲು, ದೀಪವನ್ನು ಕಾರಿಗೇ ಕೂರಿಸಿ, ಸಮತಟ್ಟಾದ ನೆಲದಲ್ಲಿ ಗೋಡೆಗೆ ಬೆಳಕು ಬಿಟ್ಟು ಎರಡೂ ಕಡೆಯ ಅಂಚು ಅಡ್ಡಕ್ಕೆ ನೇರವಾಗಿದೆಯೇ ನೋಡಬೇಕು. ಪ್ರೊಜೆಕ್ಟರ್ ಒಂದು ಕೂದಲೆಳೆಯಷ್ಟು ತಿರುಗಿ ಕೂತರೂ ದೂರದಲ್ಲಿ ಅಂಚು ಓರೆಯಾಗುತ್ತದೆ. ಅಂಟು ಹಾಕಿದ ಮೇಲೆ ಕಂಡುಬಂದರೆ ಮತ್ತೆ ಬಿಸಿ ಮಾಡಿ ಬಿಚ್ಚಬೇಕು. ಗಾಳಿಯಾಡುವ ರಂಧ್ರಗಳನ್ನು ಅಂಟಿನಿಂದ ಮುಚ್ಚಬಾರದು, ಮುಚ್ಚಿದರೆ ಮೊದಲ ಮಳೆಗೇ ಒಳಗೆ ಬೆವರು ಕಟ್ಟುತ್ತದೆ. ಬ್ಯಾಲಸ್ಟಿಗೆ ಪ್ರತ್ಯೇಕ ರಿಲೇ ಬೇಕೇ ಬೇಕು, ಹೊತ್ತಿಕೊಳ್ಳುವ ಮೊದಲ ಕೆಲವು ಸೆಕೆಂಡು ಅದು 35 ವ್ಯಾಟಿಗಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಇಷ್ಟೆಲ್ಲ ಮಾಡಿದರೂ ಹೆಡ್‌ಲೈಟಿನ ಮೂಲ ಅನುಮೋದನೆ ಉಳಿಯುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲೇ ನಿಮ್ಮ ವಾಹನ ನೋಂದಣಿ ಕಚೇರಿಯಲ್ಲೂ ವಿಮೆಯವರಲ್ಲೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ನಿಮ್ಮ ಕಾರಿನ ದುಬಾರಿ ಮಾದರಿಗೆ ಕಂಪನಿಯೇ ಎಚ್‌ಐಡಿ ಹೆಡ್‌ಲೈಟ್ ಕೊಟ್ಟಿದ್ದರೆ, ಮಟ್ಟ ಹೊಂದಿಸುವ ವ್ಯವಸ್ಥೆ ಸಮೇತ ಅದನ್ನೇ ತರಿಸುವುದು ಇದಕ್ಕಿಂತ ಉತ್ತಮ ದಾರಿ.

ಪ್ರಶ್ನೆ: ಬೈಕಿಗೆ ಎಚ್‌ಐಡಿ?
– ದ್ವಿಚಕ್ರ ಸವಾರ

ಉತ್ತರ: ಬೇಡ. ಕಾರಣ ಅದೇ. ಬೈಕಿನಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಕೆಲವು ಹಳೆಯ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಡಿಸಿ ಹೋಗುವುದಿಲ್ಲ, ಎಂಜಿನ್ನಿನ ಕಾಯಿಲ್‌ನಿಂದ ನೇರವಾಗಿ ಎಸಿ ಬರುತ್ತದೆ. ಎಂಜಿನ್ ನಿಧಾನವಾದಾಗ ದೀಪ ಮಂಕಾಗಿ, ರೇಸ್ ಮಾಡಿದಾಗ ಹೊಳೆದರೆ ನಿಮ್ಮದು ಆ ಬಗೆಯದು. ಕಾರಿನ ಬ್ಯಾಲಸ್ಟ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಬೈಕುಗಳ 35/35 ವ್ಯಾಟಿನ ಎಚ್‌ಎಸ್1 ಬಲ್ಬಿನ ಬದಲು, ಆಕಾರ ಒಂದೇ ಎಂದು ಕಾರಿನ 60/55ರ ಎಚ್4 ಹಾಕುವವರೂ ಇದ್ದಾರೆ. ಅಷ್ಟು ಕರೆಂಟ್ ಒದಗಿಸಲಾಗದ ಬೈಕಿನಲ್ಲಿ ಅದು ಇದ್ದ ಬೆಳಕನ್ನೂ ಕೆಡಿಸುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತರ ಹತ್ತಿರ. ರಾತ್ರಿ ಏನೂ ಸರಿಯಾಗಿ ಕಾಣುವುದಿಲ್ಲ, ಹೆಚ್ಚು ಬೆಳಕಿನ ದೀಪ ಹಾಕಿಸು ಎನ್ನುತ್ತಾರೆ. ಅದೇ ಕಾರು ಓಡಿಸಿದಾಗ ನನಗೆ ಚೆನ್ನಾಗಿಯೇ ಕಾಣುತ್ತದೆ.
– ಮಗಳು

ಉತ್ತರ: ನಿಮಗೆ ಚೆನ್ನಾಗಿ ಕಾಣುತ್ತದೆ ಎಂದ ಮೇಲೆ ದೀಪದಲ್ಲಿ ದೋಷವಿಲ್ಲ ತಾಯಿ. ಮೊದಲು ತಂದೆಯವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ವಯಸ್ಸಾದಂತೆ ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅರಳುವುದಿಲ್ಲ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಪೊರೆ ಬಂದಿದ್ದರೆ ಎದುರಿನ ದೀಪಗಳ ಸುತ್ತ ಬೆಳಕು ಹರಡಿಕೊಂಡು ಕಣ್ಣು ಕೋರೈಸುತ್ತದೆ. ಆ ಹರಡುವಿಕೆಯನ್ನು ತಮ್ಮ ಕಾರಿನ ದೀಪ ಎಷ್ಟು ಹೆಚ್ಚಿಸಿದರೂ ತಡೆಯಲಾಗದು.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಗಾಜಿನ ಒಳಮೈಯನ್ನು ಒರೆಸಿ. ಹೊರಗನ್ನು ಎಲ್ಲರೂ ತೊಳೆಯುತ್ತಾರೆ, ಒಳಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ ತೆಳ್ಳಗಿನ ಪೊರೆಯಂತೆ ಕೂತಿರುತ್ತದೆ. ಹಗಲಲ್ಲಿ ಕಾಣದು, ರಾತ್ರಿ ಎದುರಿನ ದೀಪ ಬಿದ್ದಾಗ ಇಡೀ ಗಾಜು ಮಂಜಾಗುತ್ತದೆ. ಸವೆದ ವೈಪರ್ ಪಟ್ಟಿಯನ್ನೂ ಬದಲಿಸಿ. ವೈದ್ಯರು ಒಪ್ಪುವವರೆಗೆ ರಾತ್ರಿ ಕಾರು ನೀವೇ ಓಡಿಸಿ.

ಪ್ರಶ್ನೆ: ಹ್ಯಾಲೊಜೆನ್ ಬಲ್ಬಿನ ಗಾಜನ್ನು ಕೈಯಿಂದ ಮುಟ್ಟಬಾರದು ಎನ್ನುತ್ತಾರೆ. ಬಲ್ಬು ನಾನೇ ಬದಲಿಸುತ್ತೇನೆ, ಬೇರೇನು ಗಮನಿಸಬೇಕು?
– ಗೃಹಿಣಿ ಚಾಲಕಿ

ಉತ್ತರ: ಮುಟ್ಟಬಾರದು ಎನ್ನುವುದು ಸರಿ. ಬೆರಳಿನ ಎಣ್ಣೆಯಂಶ ಅಂಟಿದ ಜಾಗ ಹೆಚ್ಚು ಕಾದು ಗಾಜು ಉಬ್ಬಬಹುದು, ಬಲ್ಬು ಬೇಗ ಹೋಗಬಹುದು. ಲೋಹದ ಬುಡ ಹಿಡಿದುಕೊಳ್ಳಿ. ಕೈ ತಾಗಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ. ಎಚ್4 ಬಲ್ಬಿನ ಬುಡದಲ್ಲಿರುವ ಮೂರು ಕಿವಿಗಳಲ್ಲಿ ಅಗಲವಾದದ್ದು ಮೇಲೆ ಬರಬೇಕು. ಅದು ತನ್ನ ಕಚ್ಚಿನಲ್ಲಿ ಪೂರ್ತಿ ಕೂತ ಮೇಲೆಯೇ ತಂತಿಯ ಕ್ಲಿಪ್ ಒತ್ತಿ. ಓರೆಯಾಗಿ ಕೂತ ಬಲ್ಬು ಹೊತ್ತಿಕೊಳ್ಳುತ್ತದೆ, ಆದರೆ ಬೆಳಕು ಎಲ್ಲೆಲ್ಲಿಗೋ ಹೋಗುತ್ತದೆ. ಒಂದು ಹೋದಾಗ ಎರಡನ್ನೂ ಬದಲಿಸಿ.

ಆಮೇಲೆ ಚಕ್ರಗಳಿಗೆ ಸರಿಯಾದ ಗಾಳಿ ಹಾಕಿಸಿ, ಚಾಲಕರ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ದೀಪದ ಮಟ್ಟ ಬದಲಿಸುವ ಗುಂಡಿ ಸೊನ್ನೆಯಲ್ಲಿರಲಿ. ಹೆಡ್‌ಲೈಟಿನ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಅದರ ಕೆಳಗೆ 10 ಸೆಂಟಿಮೀಟರಿಗೆ ಗೆರೆ ಎಳೆಯಿರಿ. ಹೆಡ್‌ಲೈಟ್ ಮೇಲೆಯೇ ಬೇರೆ ಶೇಕಡಾವಾರು ಅಚ್ಚಾಗಿದ್ದರೆ ಅದನ್ನೇ ಅನುಸರಿಸಿ. ಡಿಮ್ ಹಾಕಿ, ಒಂದು ದೀಪಕ್ಕೆ ರಟ್ಟು ಅಡ್ಡ ಹಿಡಿದು ಇನ್ನೊಂದನ್ನು ನೋಡಿ. ಬೆಳಕಿನ ಅಂಚು ಆ ಗೆರೆಯ ಮೇಲೆ ಕೂರುವವರೆಗೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ, ಆಮೇಲೆ ರಟ್ಟನ್ನು ಆ ಕಡೆಗೆ ಬದಲಿಸಿ.